ತಕ್ಕಡಿಗೆ ಜಾತಿ ಇಲ್ಲ ಅಂದರು, ನಾನು ಟ್ರೇಗೆ ದಾರ ಕಟ್ಟಿದೆ

“ಕೆಜಿ ಲೆಕ್ಕದ ಕೂಲಿಯಲ್ಲಿ ಭೇದ ಎಲ್ಲಿಂದ ಬರ್ತದಮ್ಮ? ತಕ್ಕಡಿಗೆ ಜಾತಿ ಇಲ್ಲ, ಹೆಣ್ಣು-ಗಂಡು ಅಂತಲೂ ಇಲ್ಲ.” ಗೇರುಬೀಜದ ಫ್ಯಾಕ್ಟರಿಯ ಹೆಂಗಸರ ಕೂಲಿಯಲ್ಲಿ ಭೇದ ಹುಡುಕುತ್ತೇನೆ ಅಂದಾಗ ನನ್ನ ಸಂಶೋಧನೆಯ ಮಾರ್ಗದರ್ಶಕರು ಹೀಗೆ ಹೇಳಿ ಫೈಲು ಮುಚ್ಚಿ ನಾಲ್ಕು ವರ್ಷ ದಾಟಿತು. ಆಮೇಲೆ ಒಂದು ವಿಚಾರ ಸಂಕಿರಣದಲ್ಲೂ ಅದೇ ಮಾತು ಬಂತು. ಎದುರಿಗೆ ಕೂತವರೆಲ್ಲ ಹೌದೆಂದು ತಲೆ ಆಡಿಸಿದರು. ಹೋದ ವರ್ಷ ಅದೇ ಸರ್ ನನ್ನ ಕೋಷ್ಟಕಗಳನ್ನು ಎರಡು ಸಲ ತಿರುವಿ ನೋಡಿ, “ಈ ದಾರದ ಕೆಲಸ ಗಟ್ಟಿಯಾಗಿದೆ, ಇದನ್ನೇ ಮುಖ್ಯ ಅಧ್ಯಾಯ ಮಾಡು” ಅಂದರು. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು.

ನಾನು ಸಿರ್ಸಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಹುಟ್ಟಿದ್ದು ಕುಮಟಾ ಕಡೆ. ಕೆಲಸದ ಜಾಗದಲ್ಲಿ ಜನಾಂಗದ ಭೇದ, ಜಾತಿಯ ಭೇದ, ಹೆಣ್ಣು-ಗಂಡಿನ ಭೇದ ಒಂದಕ್ಕೊಂದು ಹೇಗೆ ಸುತ್ತಿಕೊಳ್ಳುತ್ತವೆ ಅನ್ನುವುದು ನನ್ನ ವಿಷಯ. ನಮ್ಮ ಜಿಲ್ಲೆಯವರಿಗೆ ಜನಾಂಗ ಅನ್ನುವುದು ಬರೀ ಪುಸ್ತಕದ ಮಾತಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೊಯಿಡಾ, ಅಂಕೋಲಾದ ಘಟ್ಟದ ಭಾಗ, ಎಲ್ಲ ಕಡೆ ಸಿದ್ದಿಯರ ಕೇರಿಗಳಿವೆ. ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ಬಂದವರ, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಸಂತಾನ ಅವರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನವರೆಗೂ ಹೋದರು. ಆದರೆ ನಾನು ಸಂಶೋಧನೆ ಮಾಡಿದ ಗೇರುಬೀಜದ ಫ್ಯಾಕ್ಟರಿಯಲ್ಲಿ ಒಬ್ಬ ಸಿದ್ದಿ ಹೆಂಗಸೂ ಗ್ರೇಡಿಂಗ್ ಕೋಣೆಯವರೆಗೆ, ಅಂದರೆ ಗಾತ್ರ, ಬಣ್ಣ ನೋಡಿ ಬೀಜ ವಿಂಗಡಿಸುವ ಕೋಣೆಯವರೆಗೆ, ಹೋಗಿರಲಿಲ್ಲ.

ಟ್ರೇಗೆ ದಾರ ಕಟ್ಟಿ ಅದು ಯಾರ ಮುಂದೆ ಹೋಯಿತು ಅಂತ ನೋಡುವ ನನ್ನ ವಿಧಾನದ ಬಗ್ಗೆ ಈಗ ಬೇರೆ ಬೇರೆ ಕಡೆಯ ಸಂಶೋಧಕರು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಯಾರನ್ನು ಆರಿಸಿ ಕೇಳಬೇಕು ಅನ್ನುವ ಸ್ಯಾಂಪ್ಲಿಂಗ್, ಉತ್ತರಗಳನ್ನು ವಿಂಗಡಿಸುವ ಕೋಡಿಂಗ್ ನಿಮಗೆ ಗೊತ್ತೇ ಇದೆ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಸ್ವಲ್ಪ ಹೆಚ್ಚುಕಡಿಮೆ ಇದ್ದೀತು.

ಮೊದಲ ವರ್ಷ ಪೂರ್ತಿ ಪ್ರಶ್ನಾವಳಿಯಲ್ಲಿ ಹಾಳಾಯಿತು. 64 ಪ್ರಶ್ನೆ, 14 ಪುಟ, 300 ಪ್ರತಿ. ಝೆರಾಕ್ಸಿಗೇ 5 ಸಾವಿರದ ಹತ್ತಿರ ಹೋಯಿತು. “ಕೆಲಸದ ಜಾಗದಲ್ಲಿ ನಿಮಗೆ ತಾರತಮ್ಯ ಆಗಿದೆಯೇ?” ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ನಮಗೆ ಎಂತದೂ ತೊಂದ್ರೆ ಇಲ್ಲ ಅಕ್ಕೋರೆ.” ನಾನು ಕೂತಿದ್ದು ಫ್ಯಾಕ್ಟರಿಯ ಜಗುಲಿಯಲ್ಲಿ, ಸೂಪರ್‌ವೈಸರ್ ಮೇಜಿನಿಂದ ಹತ್ತು ಮಾರು ದೂರದಲ್ಲಿ. ಇನ್ನೇನು ಹೇಳಿಯಾರು? ಆದರೆ ಅವರ ಮನೆಗೆ ಹೋಗಿ ಕೇಳಿದಾಗಲೂ ಉತ್ತರ ಬದಲಾಗಲಿಲ್ಲ. ಅವರು ಮುಚ್ಚಿಡುತ್ತಿರಲಿಲ್ಲ. ದರ ಎಲ್ಲರಿಗೂ ಒಂದೇ, ತೂಕ ಕಣ್ಣೆದುರೇ ಆಗುತ್ತದೆ. ತಮಗೆ ಕೆಜಿ ಕಡಿಮೆ ಬಂದರೆ “ನನ್ನ ಕೈ ನಿಧಾನ” ಅಂತಲೇ ಅವರು ನಂಬಿದ್ದರು. ಈ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. 20 ವರ್ಷ ಸಿಪ್ಪೆ ತೆಗೆದ ಕೈ ನಿಧಾನ ಆಗುವುದು ಹೇಗೆ?

ಎರಡನೆಯ ಸೋಲು ರೆಕಾರ್ಡಿಂಗಿನದು. ಕೆಲಸದ ಹೊತ್ತಿನ ಮಾತುಕತೆಯನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡೆ. ಬೀಜ ಒಡೆಯುವ ಮಷೀನಿನ ಕಟಕಟ ಸದ್ದಿನಲ್ಲಿ ಅರ್ಧ ಮಾತೂ ಕೇಳುತ್ತಿರಲಿಲ್ಲ. ಬರೆದುಕೊಡಲು ಒಬ್ಬರಿಗೆ 9 ಸಾವಿರ ಕೊಟ್ಟಿದ್ದೆ, ಕೈಗೆ ಬಂದ ಕಾಗದದ ತುಂಬ ಚುಕ್ಕಿಗಳೇ. ಸಿದ್ದಿಯರ ಕೊಂಕಣಿ ಅವರಿಗೆ ಅರ್ಥವೂ ಆಗಿರಲಿಲ್ಲ. ಆಗ ಕಾಲೇಜಿಗೆ ರಜೆ ಬೇರೆ, ರಜೆಯಲ್ಲಿ ನಮಗೆ ಸಂಬಳ ಇಲ್ಲ. ಸೊಸೈಟಿಯಲ್ಲಿ ಬಳೆ ಇಟ್ಟು 40 ಸಾವಿರ ತೆಗೆದೆ. ಮನೆಯಲ್ಲಿ ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಸ್ವಲ್ಪವಾದರೂ ಕೈಹಿಡಿದದ್ದು ಇಸವಿ ಕೇಳುವ ಬೇರೆ ದಾರಿ. “10 ವರ್ಷದ ಹಿಂದೆ ಎಷ್ಟು ಕೂಲಿ ಇತ್ತು, ಎಲ್ಲಿ ಕೂರುತ್ತಿದ್ದಿರಿ?” ಅಂದರೆ ಯಾರಿಗೂ ನೆನಪಿಲ್ಲ. ಅದನ್ನೇ “ದೇವಿ ಜಾತ್ರೆ ವರ್ಷ” ಅಂತ ಕೇಳಿ ನೋಡಿ. ಸಿರ್ಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಯಾವ ಜಾತ್ರೆಗೆ ಯಾವ ಸೀರೆ ತಗೊಂಡೆ, ಮಗು ಎಷ್ಟು ದೊಡ್ಡದಿತ್ತು ಅಂತ ಪ್ರತಿ ಹೆಂಗಸಿಗೂ ಗೊತ್ತು. ಸೀರೆ ನೆನಪಾದರೆ ಕೂಲಿ ನೆನಪಾಗುತ್ತದೆ. ಕರಾವಳಿಯವರಿಗೆ ಬೇರೆ ಗೂಟ ಬೇಕು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದದ್ದು, 2016ರ ನೋಟು ರದ್ದು, 2019ರ ಆಗಸ್ಟಿನ ನೆರೆ, 2024ರ ಜುಲೈ 16ರ ಶಿರೂರು ಗುಡ್ಡ, ಅದಾಗಿ ಮೂರು ವಾರಕ್ಕೆ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು. ಈ ಗೂಟಗಳಿಗೆ ಕಟ್ಟಿ ಕೇಳಿದರೆ ಯಾರು ಯಾವ ಮೇಜಿನಿಂದ ಯಾವ ಮೇಜಿಗೆ ಹೋದರು ಅಂತ ಹದಿನೈದು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ಒಬ್ಬರು ಹೇಳಿದ್ದನ್ನು ಪಕ್ಕದವರು ತಿದ್ದುತ್ತಾರೆ. ಗುಂಪಿನಲ್ಲಿ ಕೇಳಿ, ಒಬ್ಬೊಬ್ಬರನ್ನೇ ಕೇಳಬೇಡಿ.

ಹೀಗೆ ಕೇಳುವಾಗಲೇ ಮೇಜು ಅನ್ನುವ ಪದ ಮತ್ತೆ ಮತ್ತೆ ಬಂತು. ಆಗ ನನಗೆ ಕಣ್ಣು ತೆರೆಯಿತು.

ಫ್ಯಾಕ್ಟರಿ ನೋಡದವರಿಗಾಗಿ ನಾಲ್ಕು ಮಾತು. ಬೀಜವನ್ನು ಆವಿಯಲ್ಲಿ ಬೇಯಿಸಿ, ಆರಿಸಿ, ಒಡೆಯುತ್ತಾರೆ. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಒಳಗಿನ ತಿರುಳನ್ನು ಟ್ರೇಯಲ್ಲಿ ಹರಡಿ ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ, ಒಣಗಿಸುತ್ತಾರೆ. ಆಮೇಲೆ ಹೆಂಗಸರು ಸಣ್ಣ ಚೂರಿಯಿಂದ ಕೆಂಪು ಸಿಪ್ಪೆ ತೆಗೆಯುತ್ತಾರೆ. ಇಡೀ ಬೀಜಕ್ಕೆ ಪೂರ್ತಿ ದರ, ಹೋಳು-ಚೂರಿಗೆ ಕಡಿಮೆ. ಕೊನೆಗೆ ಗ್ರೇಡಿಂಗ್. ಬೋರ್ಮಾದೊಳಗೆ ಎಲ್ಲ ಕಡೆ ಒಂದೇ ಬಿಸಿ ಇರುವುದಿಲ್ಲ. ಬಾಗಿಲ ಹತ್ತಿರ, ಕೆಳಗಿನ ಹಂತದಲ್ಲಿ ಇದ್ದ ಟ್ರೇ ಸ್ವಲ್ಪ ಹಸಿಯಾಗಿಯೇ ಹೊರಗೆ ಬರುತ್ತದೆ. ಚೆನ್ನಾಗಿ ಒಣಗಿದ ಬೀಜದ ಸಿಪ್ಪೆ ಹೆಬ್ಬೆರಳಲ್ಲಿ ಉಜ್ಜಿದರೆ ಬಿಡುತ್ತದೆ. ಹಸಿ ಬೀಜದ್ದು ಅಂಟಿಕೊಂಡಿರುತ್ತದೆ. ಚೂರಿ ಹಾಕಿ ಕೆರೆಯಬೇಕು, ಕೆರೆದರೆ ಬೀಜ ಎರಡು ಹೋಳು. ಹೊತ್ತೂ ಹೋಯಿತು, ದರವೂ ಹೋಯಿತು.

ತಕ್ಕಡಿಗೆ ಜಾತಿ ಇಲ್ಲ ಅನ್ನುವುದು ನಿಜ. ಆದರೆ ತಕ್ಕಡಿಗೆ ಬರುವ ಮೊದಲು ಯಾವ ಟ್ರೇ ಯಾರ ಮುಂದೆ ಬಂತು? ನನ್ನ ಪ್ರಶ್ನೆ ಇಷ್ಟೇ ಆಯಿತು.

ಸಿಪ್ಪೆ ತೆಗೆಯುವ ಕೋಣೆಯಲ್ಲಿ 50ರ ಆಸುಪಾಸು ಹೆಂಗಸರು, ಐದು ಮೇಜು. ಒಂದನೆಯ ಮೇಜು ಬೋರ್ಮಾದ ಬಾಗಿಲಿಗೂ ಕಿಟಕಿಗೂ ಹತ್ತಿರ. ಐದನೆಯದು ಕೈತೊಳೆಯುವ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಬೆಳಕು. ಸಿದ್ದಿ ಹೆಂಗಸರು 11 ಮಂದಿ. ಅವರಲ್ಲಿ 9 ಮಂದಿ ಐದನೆಯ ಮೇಜಿನಲ್ಲಿ. ನಾನು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ನಿಂತು ಟ್ರೇ ಎಣಿಸಲು ಶುರು ಮಾಡಿದೆ. ಆರು ವಾರ ನಿಂತೆ. ವ್ಯತ್ಯಾಸವೇ ಸಿಗಲಿಲ್ಲ! ಒಳ್ಳೆ ಟ್ರೇಗಳು ಐದನೆಯ ಮೇಜಿಗೂ ಸಮವಾಗಿ ಬರುತ್ತಿದ್ದವು. ನನ್ನ ಊಹೆಯೇ ತಪ್ಪು ಅಂದುಕೊಂಡು ಬಿಟ್ಟುಬಿಡುವ ಹಂತಕ್ಕೆ ಬಂದಿದ್ದೆ.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಐದನೆಯ ಮೇಜಿನ ಹಿರಿಯಕ್ಕ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: “ನೀವು ದಿನಾ ಬನ್ನಿ ಅಕ್ಕೋರೆ. ನೀವು ಬಂದ ದಿನ ನಮಗೆ ಚೊಲೋ ಬೀಜ ಸಿಗ್ತದೆ.”

ನಾನು ನಿಂತದ್ದೇ ತಪ್ಪಾಗಿತ್ತು. ಯಾರೋ ನೋಡುತ್ತಿದ್ದಾರೆ ಅಂದರೆ ಜನ ಬೇರೆ ಥರ ನಡೆದುಕೊಳ್ಳುತ್ತಾರೆ ಅನ್ನುವ, ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಪಾಠವನ್ನು ವರ್ಷಾ ವರ್ಷಾ ಮಕ್ಕಳಿಗೆ ಹೇಳುವವಳು, ನನ್ನ ಕೆಲಸದಲ್ಲೇ ಅದನ್ನು ಮರೆತಿದ್ದೆ. ಆ ಆರು ವಾರದ ಪುಸ್ತಕವನ್ನು ಬದಿಗಿಟ್ಟೆ. ನಾನಿಲ್ಲದಾಗ ಟ್ರೇ ಎಲ್ಲಿಗೆ ಹೋಗುತ್ತದೆ ಅಂತ ಟ್ರೇಯೇ ಹೇಳಬೇಕು. ಅದಕ್ಕೇ ದಾರ.

ಮಾಲೀಕರಿಗೆ ಸಿಪ್ಪೆ ತೆಗೆಯುವಾಗ ಬೀಜ ಹೋಳಾಗುವ ಚಿಂತೆ ಇತ್ತು. ಒಡೆದರೆ ಅವರಿಗೂ ಲುಕ್ಸಾನು. “ಯಾವ ಹಂತದ ಟ್ರೇಯಲ್ಲಿ ಎಷ್ಟು ಒಡೆಯುತ್ತದೆ ಅಂತ ಲೆಕ್ಕ ಹಾಕಿ ಕೊಡ್ತೇನೆ, ಅದೇ ಲೆಕ್ಕ ನನ್ನ ಸಂಶೋಧನೆಗೂ ಬೇಕು” ಅಂದೆ. ಒಪ್ಪಿದರು. ಲೆಕ್ಕವನ್ನು ಕೊಟ್ಟೆ ಕೂಡ. ಕೋಣೆಯ ಹೆಂಗಸರಿಗೆಲ್ಲ ಪೂರ್ತಿ ವಿಷಯ ಮೊದಲೇ ಹೇಳಿದ್ದೆ. ಸೂಪರ್‌ವೈಸರ್‌ಗೆ ಒಣಗುವ ಲೆಕ್ಕ ಅಂತ ಮಾತ್ರ ಗೊತ್ತಿತ್ತು. ಮುಗಿದ ಮೇಲೆ ಅವರ ಎದುರು ಕೂತು ಎಲ್ಲ ಹೇಳಿದೆ. ಅದು ಸುಲಭ ಇರಲಿಲ್ಲ, ಆದರೆ ಹೇಳದೆ ಬಿಡಬೇಡಿ.

ಮೊದಲು ಉಲ್ಲನ್ ದಾರ ಕಟ್ಟಿದೆ. ಎಳೆ ಉದುರಿ ಬೀಜಕ್ಕೆ ಬಿತ್ತು. ತಿನ್ನುವ ವಸ್ತು ಅಲ್ವಾ, ಮೂರು ದಿನ ನನ್ನನ್ನು ಒಳಗೆ ಬಿಡಲಿಲ್ಲ. ನೈಲಾನ್ ಬಿಸಿಗೆ ಸುರುಟಿಕೊಂಡು ಬಿಚ್ಚಿಹೋಯಿತು. ಕೊನೆಗೆ ಟೇಲರ್ ಅಂಗಡಿಯ ದಪ್ಪ ಹತ್ತಿ ದಾರ, ಮೂರು ಎಳೆ ಹೊಸೆದು, ಟ್ರೇಯ ಹಿಡಿಯ ಹೊರಮೈಗೆ ಬಿಗಿದು ಕಟ್ಟಿದೆ. ಮೇಲಿನ, ನಡುವಿನ ಹಂತಕ್ಕೆ ಕೆಂಪು. ಕೆಳಗಿನ, ಬಾಗಿಲ ಬದಿಯದಕ್ಕೆ ನೀಲಿ. ಬೆಳಿಗ್ಗೆ ಟ್ರೇ ಒಳಗಿಡುವಾಗ ಬೋರ್ಮಾ ನೋಡಿಕೊಳ್ಳುವ ಅಣ್ಣ ದಾರ ಸರಿಯಾಗಿದೆಯಾ ಅಂತ ನೋಡುತ್ತಿದ್ದ. ಖಾಲಿ ಟ್ರೇಗಳು ಸಂಜೆಯವರೆಗೆ ಆಯಾ ಮೇಜಿನ ಕೆಳಗೇ ಇರುತ್ತವೆ. ಎಲ್ಲರೂ ಹೋದ ಮೇಲೆ ನಾನು ಹೋಗಿ ಎಣಿಸಿ ಬರುತ್ತಿದ್ದೆ. ಇಪ್ಪತ್ತು ನಿಮಿಷದ ಕೆಲಸ. ಮೂರು ವಾರ, ದಿನಕ್ಕೆ 80ರ ಹತ್ತಿರ ಟ್ರೇ.

ನೀಲಿ ದಾರದವು ಒಟ್ಟಿನಲ್ಲಿ ಮೂರರಲ್ಲಿ ಒಂದು ಪಾಲು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಐದನೆಯ ಮೇಜಿನ ಕೆಳಗೇ ಸಿಕ್ಕವು. ಒಂದನೆಯ ಮೇಜಿನ ಕೆಳಗೆ ದಿನಕ್ಕೆ ಒಂದೋ ಎರಡೋ. ಒಂದನೆಯ ಮೇಜಿನವರು ದಿನಕ್ಕೆ ಸರಾಸರಿ ಆರೂವರೆ ಕೆಜಿ ತೆಗೆದರೆ ಐದನೆಯ ಮೇಜಿನವರು ನಾಲ್ಕೂವರೆ. ಹೋಳಿನ ಕಡಿತವೂ ಸೇರಿ ದಿನಕ್ಕೆ 80-90 ರೂಪಾಯಿ ವ್ಯತ್ಯಾಸ. ತಿಂಗಳಿಗೆ ಎರಡು ಸಾವಿರದ ಮೇಲೆ. ಒಂದು ಮನೆಯ ರೇಷನ್ನಿನ ಆಚೆಯ ಖರ್ಚೆಲ್ಲ ಅದರಲ್ಲೇ ನಡೆಯಬೇಕು.

ಇನ್ನೊಂದು ಸೋರಿಕೆ ನನಗೆ ಹೊಳೆದೇ ಇರಲಿಲ್ಲ, ಹಿರಿಯಕ್ಕನೇ ತೋರಿಸಿದಳು. ನಡುನಡುವೆ “ಸುಮ್ನೆ ಆ ಬುಟ್ಟಿ ಒಂದು ಎತ್ತಿಕೊಟ್ಟು ಬಾ” ಅಂತ ಕೂಗು ಬರುತ್ತದೆ. ಬೇಯಿಸಿದ ಬೀಜದ ಬುಟ್ಟಿ 25-30 ಕೆಜಿ. ಕೂಗುವುದು ಸಿದ್ದಿ ಹೆಂಗಸರನ್ನೇ. “ಅವರು ಗಟ್ಟಿ ಮೈಯವರು, ಅವರಿಗೆ ಆಗ್ತದೆ” ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಇದನ್ನು ಎಣಿಸುವುದು ಹೇಗೆ? ಅವಳೇ ಉಪಾಯ ಹೇಳಿದಳು. ಒಂದು ಬುಟ್ಟಿಗೆ ಒಂದು ಹುಣಸೆಬೀಜ ಎಲೆಅಡಿಕೆ ಸಂಚಿಗೆ ಹಾಕಿಕೊಳ್ಳುವುದು. ಸಂಜೆ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಸಂಚಿ ಕೊಡವಿ ಎಣಿಸುತ್ತಿದ್ದೆವು. ಸುಣ್ಣ ಹತ್ತಿದ, ಅಡಿಕೆ ಚೂರಿನ ಜೊತೆ ಬೆರೆತ ಹುಣಸೆಬೀಜಗಳು. ತಲೆಗೆ ದಿನಕ್ಕೆ ಐದಾರು ಬಂತು. ಬುಟ್ಟಿಗೆ ಏಳೆಂಟು ನಿಮಿಷ ಹಿಡಿದರೂ ಮುಕ್ಕಾಲು ತಾಸು. ಅದಕ್ಕೆ ಕೂಲಿ ಇಲ್ಲ. ಅದೇ ಫ್ಯಾಕ್ಟರಿಯಲ್ಲಿ ಗಂಡಸರು ಚೀಲ ಹೊತ್ತರೆ ಚೀಲದ ಲೆಕ್ಕದಲ್ಲಿ ಹಮಾಲಿ ಇದೆ.

ಇಲ್ಲಿಗೆ ನನ್ನ ವಿಷಯ ಪೂರ್ತಿ ಸಿಕ್ಕಿತು. ಗ್ರೇಡಿಂಗ್ ಕೋಣೆಗೆ ಹೆಂಗಸರೇ ಬೇಕು, “ಹೆಂಗಸರ ಕೈ ಹಗುರ” ಅನ್ನುತ್ತಾರೆ. ಆ ಹೆಂಗಸರಲ್ಲಿ ಸಿದ್ದಿಯರು ಲೆಕ್ಕಕ್ಕಿಲ್ಲ. ಹಮಾಲಿ ಗಂಡಸರಿಗೆ ಮಾತ್ರ ಅನ್ನುತ್ತಾರೆ. ಅಲ್ಲಿ ಇವರು ಹೆಂಗಸರು. ಹೊರೆ ಹೊರಿಸುವಾಗ ಗಂಡಸಿನ ಹಾಗೆ, ಕೂಲಿ ಎಣಿಸುವಾಗ ಹೆಂಗಸಿನ ಹಾಗೆ.

ಬರೀ ಹೆಂಗಸರು-ಗಂಡಸರು ಅಂತ ಕೋಷ್ಟಕ ಹಾಕಿದರೆ ಇದು ಕಾಣುವುದಿಲ್ಲ. ಬರೀ ಸಿದ್ದಿಯರು-ಇತರರು ಅಂತ ಹಾಕಿದರೂ ಕಾಣುವುದಿಲ್ಲ. ಸಿದ್ದಿ ಗಂಡಸರು ಹಮಾಲಿಯಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದರು, ಅವರ ಅಂಕಿ ಸರಾಸರಿಯನ್ನು ಮೇಲೆತ್ತುತ್ತಿತ್ತು. ನಾನು ಮೊದಲ ವರ್ಷ ಎರಡೂ ಕೋಷ್ಟಕ ಬೇರೆ ಬೇರೆ ಹಾಕಿ “ಗಣನೀಯ ವ್ಯತ್ಯಾಸ ಇಲ್ಲ” ಅಂತ ಬರೆದಿದ್ದೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಮೇಲೆ ಐವರು ಕಪ್ಪು ಹೆಂಗಸರು ಹಾಕಿದ ಕೇಸಿನಲ್ಲಿ ಆದದ್ದೂ ಇದೇ. ಕಂಪನಿ ಹೆಂಗಸರನ್ನು ತಗೊಂಡಿತ್ತು, ಆದರೆ ಬಿಳಿಯರನ್ನು. ಕಪ್ಪು ಜನರನ್ನು ತಗೊಂಡಿತ್ತು, ಆದರೆ ಗಂಡಸರನ್ನು. 1964ಕ್ಕಿಂತ ಮೊದಲು ಕಪ್ಪು ಹೆಂಗಸರನ್ನು ತಗೊಂಡೇ ಇರಲಿಲ್ಲ. ಆಮೇಲೆ ಕೆಲಸದಿಂದ ತೆಗೆಯುವಾಗ ಕೊನೆಗೆ ಬಂದವರು ಮೊದಲು ಹೊರಗೆ. ಎರಡು ಭೇದವನ್ನು ಕೂಡಿಸಿ ಕೇಳುವ ಹಾಗಿಲ್ಲ ಅಂತ 1976ರಲ್ಲಿ ಕೋರ್ಟು ಹೇಳಿತು. ಅಲ್ಲಿನ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಕೇಸನ್ನು ಹಿಡಿದೇ ಇಂಟರ್‌ಸೆಕ್ಷನಾಲಿಟಿಯ ವಾದ, ಅಂದರೆ ಭೇದಗಳು ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ ಅನ್ನುವ ವಾದ, ಕಟ್ಟಿದರು. ನಮ್ಮ ಸಮಾನ ವೇತನ ಕಾಯ್ದೆ ಬಂದದ್ದೂ 1976ರಲ್ಲೇ. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ವೇತನ ಸಂಹಿತೆ ಬಂತು. ಆ ಹಳೆಯ ಕಾಯ್ದೆ ಹಿಡಿದು ನಮ್ಮ ಫ್ಯಾಕ್ಟರಿಯ ದರಪಟ್ಟಿ ನೋಡಿದ್ದರೆ ಒಂದು ತಪ್ಪೂ ಸಿಗುತ್ತಿರಲಿಲ್ಲ. ದರ ಒಂದೇ, ಕೂರುವ ಜಾಗ ಬೇರೆ.

ಜಾಗ ಹೀಗೆ ಯಾವಾಗಿಂದ ಆಯಿತು ಅಂತ ಹುಡುಕಲು ಜಾತ್ರೆ ಲೆಕ್ಕ ಕೆಲಸಕ್ಕೆ ಬಂತು. 2018ರ ಜಾತ್ರೆ ಹೊತ್ತಿಗೆ ಸಿದ್ದಿ ಹೆಂಗಸರು ಎರಡು, ಮೂರನೆಯ ಮೇಜಿನಲ್ಲೂ ಇದ್ದರು. 2020ರ ಜಾತ್ರೆ ಮುಗಿದು ತಿಂಗಳೊಳಗೆ ಲಾಕ್‌ಡೌನ್. ಫ್ಯಾಕ್ಟರಿ ಮತ್ತೆ ತೆರೆದಾಗ ಅರ್ಧ ಜನರನ್ನಷ್ಟೇ ಕರೆದರು. ಹತ್ತಿರದ ಊರಿನವರು ನಡೆದು ಬಂದು ಸಿಕ್ಕ ಜಾಗ ಹಿಡಿದರು. ಸಿದ್ದಿ ಕೇರಿಗಳಿಗೆ ಬಸ್ ಶುರುವಾದದ್ದು ತಿಂಗಳುಗಳ ಮೇಲೆ. ಅವರು ಬಂದಾಗ ಉಳಿದದ್ದು ಮೂಲೆ ಮೇಜು. ಆಮೇಲೆ ಜಾಗ ಅತ್ತೆಯಿಂದ ಸೊಸೆಗೆ, ಅಕ್ಕನಿಂದ ತಂಗಿಗೆ. ಸೂಪರ್‌ವೈಸರ್ ನನಗೆ ಹೇಳಿದ್ದು: “ಹತ್ತಿರ ಕೂತವರಿಗೆ ಮೊದಲು ಕೊಡ್ತೇನೆ ಮೇಡಂ, ಮತ್ತೆಂತ ಇಲ್ಲ.” ಅವರು ಸುಳ್ಳು ಹೇಳುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಯಾರ ಮನಸ್ಸಿನಲ್ಲೂ ದ್ವೇಷ ಇಲ್ಲದೆಯೂ ಇದು ನಡೆಯುತ್ತದೆ. ಬುಟ್ಟಿಗೆ ಕೂಗುವುದನ್ನು ಮಾತ್ರ ನಾನು ಹಾಗೆ ಬಿಡಲು ಒಪ್ಪುವುದಿಲ್ಲ. ಅದು ಮೈಬಣ್ಣ, ಕೂದಲು ನೋಡಿ ಹುಟ್ಟಿದ ಮಾತು.

ಕೊನೆಯ ಪರೀಕ್ಷೆ ಅದಲು ಬದಲು. ಎರಡು ವಾರ ಸೋಮವಾರ ಬೆಳಿಗ್ಗೆ ಚೀಟಿ ಎತ್ತಿ ಮೇಜು ಹಂಚಿದೆವು. ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಒಂದನೆಯ ಮೇಜಿನವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕ ಹೇಗೆ ಸಿಕ್ಕಿತು ಅನ್ನುವುದನ್ನೂ ಬರೆಯುವುದಿಲ್ಲ. ಎರಡೂ ನನ್ನ ಮುಂದಿನ ಕೆಲಸಕ್ಕೆ ಬೇಕು. ಕೆಲಸ ಕೆಟ್ಟು ಕೂಲಿ ಕಡಿಮೆಯಾದವರಿಗೆ ಕೈಯಿಂದ ತುಂಬಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಹಾಗೆ ಕೊಟ್ಟದ್ದು, ಹಿಂದೆ ಮಾತುಕತೆಗೆ ಕೂತ ಹೊತ್ತಿಗೆ ಕೊಟ್ಟದ್ದು ಎಲ್ಲ ಸೇರಿ 38 ಸಾವಿರ. ಬಸ್ ಖರ್ಚು 45 ಸಾವಿರ. ಉಳಿದ ಖರ್ಚೆಲ್ಲ ಸೇರಿ ಒಟ್ಟು ಒಂದು ಲಕ್ಷದ ಮೂವತ್ತು ಸಾವಿರದ ಹತ್ತಿರ, ಎಲ್ಲ ನನ್ನದೇ.

ಸಿದ್ದಿ ಹೆಂಗಸರ ಸರಾಸರಿ ನಾಲ್ಕೂವರೆಯಿಂದ ಆರರ ಹತ್ತಿರಕ್ಕೆ ಬಂತು. ಎರಡೇ ವಾರದಲ್ಲಿ. ಮೂಲೆ ಮೇಜಿಗೆ ಹೋದವರದು ಐದರ ಕೆಳಗಿಳಿಯಿತು. ಒಟ್ಟು ಒಡೆತ ಮೊದಲಿದ್ದಷ್ಟೇ ಇತ್ತು. ಫ್ಯಾಕ್ಟರಿಗೆ ಒಂದು ಪೈಸೆ ಲುಕ್ಸಾನಿಲ್ಲ. ಮೊದಲ ಶನಿವಾರ ಸಂಜೆ ತೂಕದ ಚೀಟಿ ನೋಡಿ ಹಿರಿಯಕ್ಕ ಅದನ್ನು ಮಡಚಿ ಸಂಚಿಯಲ್ಲಿಟ್ಟುಕೊಂಡಳು. “ಹಂಗಾರೆ ನನ್ನ ಕೈ ನಿಧಾನ ಅಲ್ಲ” ಅಂದಳು. ನಾಲ್ಕು ವರ್ಷದಲ್ಲಿ ನನಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಮಾತು.

ನಡುವೆ ಬೇರೆ ಕೆಲವು ಪ್ರಯೋಗ ಮಾಡಿದೆ. ಓದು, ಅನುಭವ ಒಂದೇ ಥರ ಬರೆದು ಹೆಸರು ಮಾತ್ರ ಬದಲಿಸಿ ಕೆಲಸಕ್ಕೆ ಅರ್ಜಿ ಹಾಕುವ ಪರೀಕ್ಷೆ ನಿಮಗೆಲ್ಲ ಗೊತ್ತು. ಷಿಕಾಗೋ, ಬಾಸ್ಟನ್‌ಗಳಲ್ಲಿ 5 ಸಾವಿರದಷ್ಟು ಅರ್ಜಿ ಕಳಿಸಿ ನೋಡಿದಾಗ ಬಿಳಿಯರ ಹೆಸರಿಗೆ ಸುಮಾರು 50 ಪ್ರತಿಶತ ಹೆಚ್ಚು ಕರೆ ಬಂದಿತ್ತು, 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅನ್ನುವ ಸಂಶೋಧಕರು ದಲಿತ, ಮುಸ್ಲಿಂ ಹೆಸರುಗಳಿಟ್ಟು ಇಂಥದ್ದೇ ಮಾಡಿದರು, 2007ರಲ್ಲಿ ಪ್ರಕಟಿಸಿದರು. ನಾನು ಇದನ್ನು ಸಿರ್ಸಿ, ಕುಮಟಾ, ಕಾರವಾರದ ಅಂಗಡಿಗಳಿಗೆ ಫೋನಿನಲ್ಲಿ ಮಾಡಲು ಹೋದೆ. ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಜಾತಿ ಗೊತ್ತಾಗುತ್ತದೆ: ಹೆಗಡೆ, ಹರಿಕಾಂತ, ಅಂಬಿಗ, ಮುಕ್ರಿ, ಸಿದ್ದಿ. ನಾಯಕ, ನಾಯ್ಕ ಮಾತ್ರ ಫೋನಿನಲ್ಲಿ ಒಂದೇ ಥರ ಕೇಳುತ್ತದೆ. ಹಾಗಾಗಿ “ಯಾವ ಊರು? ಅಲ್ಲಿ ಯಾರ ಪೈಕಿ?” ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗಳನ್ನು ಬರೆದುಕೊಂಡದ್ದೇ ಒಳ್ಳೆಯ ಸಾಮಗ್ರಿಯಾಯಿತು.

ಆದರೆ ಒಂದು ತಪ್ಪು ಮಾಡಿದೆ. ಕಾಗದದ ಹೆಸರಿನ ಬದಲು ಪದವಿ ಮುಗಿಸಿದ ನನ್ನ ಇಬ್ಬರು ವಿದ್ಯಾರ್ಥಿನಿಯರಿಂದಲೇ ಫೋನ್ ಮಾಡಿಸಿದೆ. ಇಬ್ಬರದೂ ಹೆಚ್ಚುಕಡಿಮೆ ಒಂದೇ ಅಂಕ. 40 ಕರೆ ಅಂತ ಅಂದುಕೊಂಡಿದ್ದೆ. ಹದಿನೇಳನೆಯದಕ್ಕೋ ಏನೋ, ಸಿದ್ದಿ ಹುಡುಗಿಗೆ “ಜಾಗ ತುಂಬಿತು” ಅಂದವರು ಹತ್ತು ನಿಮಿಷದ ಮೇಲೆ ಇನ್ನೊಬ್ಬಳಿಗೆ “ನಾಳೆ ಬಂದು ಹೋಗಿ” ಅಂದರು. ಇಬ್ಬರೂ ನನ್ನ ಮನೆಯ ಒಂದೇ ಚಾಪೆಯ ಮೇಲೆ ಕೂತಿದ್ದರು. ಅವಳು ಏನೂ ಹೇಳಲಿಲ್ಲ, ಫೋನನ್ನು ಬೋರಲು ಹಾಕಿ ಇಟ್ಟಳು. ಅಲ್ಲಿಗೆ ನಿಲ್ಲಿಸಿದೆ. ಆ ಅಂಕಿಗಳನ್ನು ಪ್ರಬಂಧಕ್ಕೆ ಸೇರಿಸಲಿಲ್ಲ. ಜೀವಂತ ಮಕ್ಕಳನ್ನು ಈ ಪರೀಕ್ಷೆಗೆ ಕೂರಿಸಬೇಡಿ, ದಯವಿಟ್ಟು.

ಕಾರವಾರದ ಬೈತಖೋಲ ಬಂದರಿನಲ್ಲೂ ದಾರ ಕಟ್ಟಿ ನೋಡಿದೆ. ಅಲ್ಲಿ ದೋಣಿಯ ದುಡ್ಡಿನಲ್ಲಿ ಗಂಡಸರಿಗೆ ಪಾಲು, ಮೀನು ಆರಿಸುವ ಹೆಂಗಸರಿಗೆ ಬುಟ್ಟಿಯ ಲೆಕ್ಕ. ಯಾವ ಬುಟ್ಟಿ ಯಾರಿಗೆ ಅಂತ ನೋಡಬೇಕಿತ್ತು. ಉಪ್ಪುನೀರು, ಐಸು, ಗಡಿಬಿಡಿ. ಒಂದು ತಾಸಿನೊಳಗೆ ಬುಟ್ಟಿಗಳೆಲ್ಲ ಬೆರೆತುಹೋದವು, ಕೆಲವು ಟೆಂಪೋ ಹತ್ತಿ ಗೋವೆಗೇ ಹೋದವು. ಮೂರು ವಾರ, 4 ಸಾವಿರ ರೂಪಾಯಿ ನೀರಿಗೆ ಬಿತ್ತು. ಸಂಜೆ ಅದೇ ಜಾಗಕ್ಕೆ ವಾಪಸ್ ಬರುವ ವಸ್ತುವಿಗೆ ಮಾತ್ರ ದಾರ ಕಟ್ಟಬಹುದು ಅಂತ ಅಲ್ಲಿ ಕಲಿತೆ.

ಎಷ್ಟು ವರ್ಷ ಒಂದೇ ಜಾಗದಲ್ಲಿ ಉಳಿದರು ಅನ್ನುವುದನ್ನೂ ಬರೆದುಕೊಳ್ಳಿ, ಎಲ್ಲರೂ ಕೂಲಿಯನ್ನಷ್ಟೇ ಬರೆದುಕೊಳ್ಳುತ್ತಾರೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಯಾವ ಬೀಜಕ್ಕೆ ಯಾವ ತಾಯಿಮರ ಅಂತ ಗುರುತಿಸುತ್ತಿದ್ದ ಹಾಲಕ್ಕಿ ಸಮುದಾಯದ ಹೆಂಗಸು, ಪದ್ಮಶ್ರೀ ಪಡೆದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ಮೂರು ದಶಕಕ್ಕೂ ಜಾಸ್ತಿ ದಿನಗೂಲಿಯಲ್ಲೇ ದುಡಿದರು, ಕಾಯಂ ಆದದ್ದು ಆಮೇಲೆ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ತಮ್ಮ ಅಮ್ಮಂದಿರ ವರ್ಷಗಳನ್ನು ಎಣಿಸಲು ಶುರು ಮಾಡುತ್ತಾರೆ.

ಫ್ಯಾಕ್ಟರಿಯಲ್ಲಿ ಈಗ ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರೆ. ಅದನ್ನು ನಿಲ್ಲಿಸಲು ಎರಡು ಸಲ ಮಾತು ಎದ್ದಿತ್ತಂತೆ. ಹೆಂಗಸರೇ, ಒಂದನೆಯ ಮೇಜಿನವರೂ ಸೇರಿ, ಬಿಡಲಿಲ್ಲ. ಬುಟ್ಟಿಗೆ ಕೂಗುವುದು ಕಡಿಮೆಯಾಗಿದೆ, ನಿಂತಿಲ್ಲ. ಗ್ರೇಡಿಂಗ್ ಕೋಣೆ ಹಾಗೇ ಇದೆ. ಹಿರಿಯಕ್ಕನ ಸೊಸೆ ಈ ಮಾರ್ಚಿನಲ್ಲಿ ಆ ಕೋಣೆಗೆ ಕೇಳಿದ್ದಾಳೆ, ಉತ್ತರ ಬಂದಿಲ್ಲ.

ಮಳೆ ಮುಗಿದ ಮೇಲೆ ನಾನು ಅಡಿಕೆ ಸುಲಿಯುವ ಚಪ್ಪರಗಳಿಗೆ ಹೋಗಬೇಕು. ಅಲ್ಲಿ ಡಬ್ಬದ ಲೆಕ್ಕ. ಕೆಲವು ಕಾಯಿ ಬೇಗ ಸುಲಿಯುತ್ತವೆ, ಕೆಲವು ಹೊತ್ತು ಹಿಡಿಸುತ್ತವೆ. ಯಾವ ರಾಶಿ ಯಾರ ಮೆಟ್ಟುಗತ್ತಿಯ, ಅಂದರೆ ಅಡಿಕೆ ಸುಲಿಯುವ ಕತ್ತಿಯ, ಮುಂದೆ ಬೀಳುತ್ತದೆ ಅಂತ ನೋಡಬೇಕು. ದಾರ ಎಲ್ಲಿ ಕಟ್ಟುವುದು ಅಂತ ಇನ್ನೂ ಹೊಳೆದಿಲ್ಲ. ಮೊನ್ನೆ ಹಿರಿಯಕ್ಕನ ಹತ್ತಿರ ಕೇಳಿದೆ. “ಮೊದಲು ಒಂದು ವಾರ ನೀವೇ ಕೂತು ಸುಲೀರಿ ಅಕ್ಕೋರೆ, ಆಮೇಲೆ ಹೇಳ್ತೆ” ಅಂದಳು. ಮೆಟ್ಟುಗತ್ತಿ ತಂದಿಟ್ಟಿದ್ದೇನೆ.